ಹೊಲಿಗೆಯಿಲ್ಲದ ಪಂಚೆ

ಸಾವಧಾನದಲ್ಲಿ ನಿಂತ ಸೈನಿಕನ ಮುಷ್ಟಿ ಬಿಗಿದಿರಬೇಕು, ಹೆಬ್ಬೆರಳು ಷರಾಯಿಯ ಪಕ್ಕದ ಹೊಲಿಗೆಯನ್ನು ಮುಟ್ಟಿರಬೇಕು ಎಂಬುದು ಕವಾಯತಿನ ಮೊದಲ ಪಾಠಗಳಲ್ಲೊಂದು. ಪಂಚೆಗೆ ಅಂಥ ಹೊಲಿಗೆಯಿಲ್ಲ. ಆದರೂ ಕಳೆದ ಆಗಸ್ಟ್ 15ರ ಬೆಳಗ್ಗೆ, ಕಡರನಾಯಕನಹಳ್ಳಿಯ ಶಾಲೆಯ ಬಯಲಿನಲ್ಲಿ ಧ್ವಜವು ಬಿಚ್ಚಿಕೊಂಡು ಹೂವಿನ ಪಕಳೆಗಳು ಮಕ್ಕಳ ತಲೆಯ ಮೇಲೆ ಉದುರುತ್ತಿದ್ದ ಹೊತ್ತಿನಲ್ಲಿ, ಎಪ್ಪತ್ತೈದರ ಹರೆಯದ ವೃದ್ಧರೊಬ್ಬರು ಆ ಇಲ್ಲದ ಹೊಲಿಗೆಯನ್ನು ಹೆಬ್ಬೆರಳಿನಿಂದ ಹುಡುಕಿ, ಅದು ಇರಬೇಕಾಗಿದ್ದ ಠಾವಿನಲ್ಲಿಯೇ ಬೆರಳನ್ನು ನಿಲ್ಲಿಸಿ, ರಾಷ್ಟ್ರಗೀತೆ ಮುಗಿಯುವವರೆಗೂ ಅಲುಗದೆ ನಿಂತುದನ್ನು ಕಂಡೆನು. ಸುತ್ತಲಿನ ಮಕ್ಕಳೆಲ್ಲರ ಕೈಗಳೂ ಹಣೆಗೇರಿದ್ದುವು. ಆ ವೃದ್ಧರ ಕೈ ಏರಲಿಲ್ಲ. ಅಂದು ಅದೇಕೆ ಏರಲಿಲ್ಲವೆಂಬುದೂ, ಬೇರೊಂದು ದಿನ ಬೇರೊಂದು ಊರಿನಲ್ಲಿ ಅದೇ ಕೈ ಅದೇಕೆ ಏರಿತೆಂಬುದೂ, ನಾನು ಬೆಂಗಳೂರಿಗೆ ಮರಳಿ ತಿಂಗಳು ಕಳೆದರೂ ನನ್ನನ್ನು ಬಿಟ್ಟು ಹೋಗಿಲ್ಲ.

ಅವರು ನನ್ನ ದಿವಂಗತ ಹಿರಿಯಣ್ಣನ ಸಂಗಾತಿ. ಇಬ್ಬರೂ 1969ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, 1780ರಿಂದ ನಡೆದುಬಂದ ಆ ಹಳೆಯ ದಂಡಿನಲ್ಲಿ, ರಂಗರೂಟರಾಗಿ ಸೇರಿ, ಅಲ್ಲಿಯ ವಾಡಿಕೆಯಂತೆ 'ತಂಬಿ'ಗಳೆನಿಸಿಕೊಂಡು, ಒಂದೇ ಕಂಪನಿಯಲ್ಲಿ ದುಡಿದವರು. ಅಣ್ಣನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ದೊರೆತ ಒಂದು ಮಬ್ಬಾದ ಸಮೂಹ ಭಾವಚಿತ್ರವನ್ನು ಅವರಿಗೆ ತಲುಪಿಸಬೇಕೆಂಬುದೇ ನನ್ನ ಪ್ರಯಾಣದ ಉದ್ದೇಶವಾಗಿದ್ದಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರವರು ಕರೆಯುವಂತೆ ನಾಯಕರು ಎಂದೇ ಕರೆಯುತ್ತೇನೆ. ಸೇನೆಯಲ್ಲಿ ಅವರು ಏರಿದ ಹುದ್ದೆ ನಾಯಕ್, ತೋಳಿನ ಮೇಲೆ ಎರಡು ಪಟ್ಟಿ. ಪಾಳೆಯಗಾರರ ಕಾಲದ ನಾಯಕ ಶಬ್ದವೇ ಪಲ್ಟಣದ ಕಾಗದಪತ್ರಗಳಲ್ಲಿ ಓಡಾಡಿ ಸವೆದು ನಾಯಕ್ ಎಂದಾಯಿತು. ಊರಿನ ಹೆಸರಿನಲ್ಲಿ ಮಾತ್ರ ಅದು ಸವೆಯದೆ ಉಳಿದಿದೆ.

ಹದಿನಾಲ್ಕರ ಸಂಜೆ ದಾವಣಗೆರೆಯಲ್ಲಿ ಇಳಿದಾಗ ಮಳೆ ಬಂದು ನಿಂತಿದ್ದಿತು. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಈ ನಗರವನ್ನು ಈಗ ಹೊರಗಿನವರು ನೆನೆಯುವುದು ಬೆಣ್ಣೆದೋಸೆಯಿಂದ. ಬೆಂಗಳೂರಿನಲ್ಲಿ ಅದೇ ಹೆಸರಿನ ಫಲಕದಡಿಯಲ್ಲಿ ಎಷ್ಟೋ ಸಲ ತಿಂದಿದ್ದೇನಾದರೂ, ಇಲ್ಲಿಯ ಕಾವಲಿಯ ಎದುರಿನಲ್ಲಿ ನಿಂತು, ಬೆಣ್ಣೆಯುಂಡೆ ಕರಗಿ ದೋಸೆಯ ಅಂಚಿನಲ್ಲಿ ನೊರೆಗಟ್ಟುವುದನ್ನು ನೋಡುತ್ತ, ಬಿಳಿಯ ಕಾಯಿಚಟ್ನಿಯನ್ನೂ ಸಪ್ಪೆಯ ಆಲೂಗಡ್ಡೆಪಲ್ಯವನ್ನೂ ಹಚ್ಚಿಕೊಂಡು ತಿಂದಾಗ, ನಮ್ಮಲ್ಲಿಯದು ಇದರ ಹೆಸರನ್ನು ಮಾತ್ರ ಎರವಲು ಪಡೆದಿದೆಯೆಂದು ತಿಳಿಯಿತು. ಅಲ್ಲಿಂದ ಹರಿಹರ, ಹರಿಹರದಿಂದ ಕಿಕ್ಕಿರಿದ ಬಸ್ಸು. ಭದ್ರಾ ನಾಲೆಗೆ ನೀರು ಬಿಟ್ಟಿದ್ದರು. ದಾರಿಯ ಎರಡು ಕಡೆಯಲ್ಲಿಯೂ ನಾಟಿ ಮುಗಿದ ಗದ್ದೆಗಳು ಸಂಜೆಯ ಕೆಂಪನ್ನು ತುಂಬಿಕೊಂಡಿದ್ದುವು; ಪೈರಿನ ತುದಿಗಳು ಇನ್ನೂ ನೀರಿನಿಂದ ನಾಲ್ಕು ಬೆರಳಷ್ಟೇ ಮೇಲಕ್ಕೆ ಬಂದಿದ್ದುವು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ನೀರು ಹಲವು ತಾಲ್ಲೂಕುಗಳ ಬಾಯಾರಿಕೆಯನ್ನು ತೀರಿಸಿ ಇಲ್ಲಿಗೆ ಬರುವಾಗ ದಣಿದಿರುತ್ತದೆಂದೂ, ಕೆಲವು ವರ್ಷ ಬರುವುದೇ ಇಲ್ಲವೆಂದೂ, ನನ್ನ ಪಕ್ಕದಲ್ಲಿ ಕುಳಿತಿದ್ದ ರೈತರು ಹೇಳಿದರು. ಕೊಳಾಯಿ ತಿರುಗಿಸಿದರೆ ಕಾವೇರಿ ಬರುವ ಮನೆಯಿಂದ ಹೋದ ನನಗೆ, ನೀರಿನ ದಾರಿ ಕಾಯುವ ಆ ಮಾತಿನಲ್ಲಿಯೇ ಬೇರೊಂದು ಸೀಮೆಗೆ ಬಂದೆನೆಂಬ ಅರಿವಾಯಿತು.

ರಾತ್ರಿ ನಾಯಕರ ಮನೆಯ ಪಡಸಾಲೆಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾಚಟ್ನಿ, ಗಟ್ಟಿ ಮೊಸರು. ಊಟವಾದ ತರುವಾಯ ಭಾವಚಿತ್ರವನ್ನು ಅವರ ಕೈಗಿತ್ತೆನು. ಅವರು ಅದನ್ನು ದೀಪದ ಕೆಳಗೆ ಹಿಡಿದು, ಬಹಳ ಹೊತ್ತು ಮಾತಿಲ್ಲದೆ ನೋಡಿ, ಮೊದಲ ಸಾಲಿನ ಎಡತುದಿಯಲ್ಲಿದ್ದ ಎಳೆಯ ಮುಖವೊಂದರ ಮೇಲೆ ಬೆರಳಿಟ್ಟು, "ಇವ ಶಕರ್‌ಗಢದ ಕಡೆ ಹೋದ, ಮೈನ್ ತೆಗೆಯೋವಾಗ" ಎಂದಷ್ಟೇ ಹೇಳಿದರು. 1971ರ ಡಿಸೆಂಬರಿನ ಯುದ್ಧದಲ್ಲಿ ಆ ಗಡಿಯ ಹೊಲಗಳಲ್ಲಿ ಶತ್ರುಗಳು ಹೂಳಿದ್ದ ನೆಲಬಾಂಬುಗಳ ನಡುವೆ ರಣಗಾಡಿಗಳಿಗೆ ದಾರಿ ಬಿಡಿಸುವ ಹೊಣೆ ಎಂಜಿನಿಯರ್ ದಳಗಳದಾಗಿದ್ದಿತು. ಗುಂಡು ಹಾರಿಸುವವನಿಗಿಂತ ಮುಂದೆ, ನೆಲಕ್ಕೆ ಮೊಣಕಾಲೂರಿ ನಡೆಯಬೇಕಾದ ಕೆಲಸ ಅದು. ನನ್ನ ಅಣ್ಣನೂ ಅಲ್ಲಿದ್ದನು. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದರೂ ಆ ಮಾತನ್ನು ಅವನು ಮನೆಯಲ್ಲಿ ಆಡಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ನಡೆದುದನ್ನು ಆಗಲೇ ಹೇಳಿದೆನು. ಹೇಳದೆ ಉಳಿದುದು ಇಷ್ಟು. ಧ್ವಜಾರೋಹಣ ಮುಗಿದೊಡನೆ, ಬೇರೆ ಊರಿನಿಂದ ಬಂಧುಗಳ ಮನೆಗೆ ಬಂದಿದ್ದ ತರುಣನೊಬ್ಬನು ಮೊಬೈಲನ್ನು ಹಿಡಿದುಕೊಂಡು ಉತ್ಸಾಹದಿಂದ ನಾಯಕರ ಬಳಿಗೆ ಓಡಿ ಬಂದು, "ಅಜ್ಜಾರ, ಧ್ವಜದ ಕೆಳಗೆ ನಿಂತು ಒಂದು ಸೆಲ್ಯೂಟ್ ಹೊಡೀರಿ, ಫೋಟೋ ತೆಗೀತೀನಿ" ಎಂದನು. ಅವನ ಕಣ್ಣಿನಲ್ಲಿದ್ದುದು ನಿಜವಾದ ಗೌರವವೇ. ನಾಯಕರು ಅವನ ಹೆಗಲನ್ನು ತಟ್ಟಿ, "ಬ್ಯಾಡ ತಮ್ಮಾ, ತಲಿ ಮ್ಯಾಲೆ ಏನೂ ಇಲ್ಲ" ಎಂದು ತಮ್ಮ ನರೆತ ತಲೆಯನ್ನು ತೋರಿಸಿ ನಡೆದುಬಿಟ್ಟರು. ತರುಣನಿಗೆ ಅದು ಅರ್ಥವಾಗಲಿಲ್ಲ. ನನಗೂ ಆಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಗದ್ದೆಯ ಬದುವಿನ ಮೇಲೆ ನಡೆಯುತ್ತ ಅವರು ಬಿಡಿಸಿ ಹೇಳಿದರು. ರಂಗರೂಟರಾಗಿದ್ದಾಗ ಭಾನುವಾರ ಹೊರಗೆ ತಿರುಗಾಡಲು ಅಪ್ಪಣೆ ದೊರೆತರೆ ಮಫ್ತಿಯಲ್ಲಿ ಬ್ರಿಗೇಡ್ ರಸ್ತೆಗೆ ಹೋಗುತ್ತಿದ್ದರಂತೆ. ಆ ರಸ್ತೆಯು ರೆಸಿಡೆನ್ಸಿ ರಸ್ತೆಯನ್ನು ಕೂಡುವಲ್ಲಿ ಮದರಾಸು ಪಯೋನಿಯರ್ ದಳದ ಮೃತರ ಸ್ಮಾರಕ ಸ್ತಂಭವೊಂದಿದೆ. ಅದರ ಮುಂದೆ ಹಾಯುವಾಗ ಏನು ಮಾಡಬೇಕೆಂದು ಹುಡುಗರು ಕೇಳಿದಾಗ ಕವಾಯತಿನ ಉಸ್ತಾದರು ಕೊಟ್ಟ ಉತ್ತರ ಅವರಿಗೆ ಇನ್ನೂ ಬಾಯಿಪಾಠ: ಮೈಮೇಲೆ ವರ್ದಿಯಿಲ್ಲದವನು, ತಲೆಯ ಮೇಲೆ ಟೋಪಿಯಿಲ್ಲದವನು ಕೈ ಎತ್ತತಕ್ಕದ್ದಲ್ಲ, ಮೈಯನ್ನು ನೆಟ್ಟಗೆ ಮಾಡಿ, ಕೈಗಳನ್ನು ಪಕ್ಕಕ್ಕೆ ಬಿಗಿದು, ಮುಖವನ್ನು ಅತ್ತ ತಿರುಗಿಸಿ ನಡೆಯಬೇಕು. "ಸೆಲ್ಯೂಟ್ ನಮ್ಮದಲ್ರೀ ಸ್ವಾಮಿ, ವರ್ದೀದು. ವರ್ದಿ ಜೊತಿಗೆ ಡಿಪೋದಾಗ ಒಪ್ಪಿಸಿ ಬಂದೀವಿ." ಆ ಸ್ತಂಭದ ಪಕ್ಕದಲ್ಲಿ ಸಂಚಾರದೀಪ ಹಸುರಾಗುವುದನ್ನು ಕಾಯುತ್ತ ನಾನು ನೂರಾರು ಸಲ ನಿಂತಿದ್ದೇನೆ, ಒಂದು ಸಲವಾದರೂ ಮುಖವನ್ನು ಅತ್ತ ತಿರುಗಿಸಿದ ನೆನಪಿಲ್ಲ.

ಈ ನಿಯಮಕ್ಕೆ ಬುಡವಿದೆ. ಬ್ರಿಟಿಷರ ಸೇನೆಯಲ್ಲಿ ಹಿಂದೆ ಮೇಲಧಿಕಾರಿಯನ್ನು ಕಂಡರೆ ಟೊಪ್ಪಿಗೆಯನ್ನು ತೆಗೆದು ವಂದಿಸುವ ಪದ್ಧತಿಯಿದ್ದು, 18ನೆಯ ಶತಮಾನದಲ್ಲಿ ಅದನ್ನು ಸಂಕ್ಷೇಪಿಸಿ ಟೊಪ್ಪಿಗೆಯ ಅಂಚಿಗೆ ಕೈ ಮುಟ್ಟಿಸಿದರೆ ಸಾಕೆಂದು ಆಜ್ಞೆಯಾಯಿತು. ಕೈ ಹೋಗುವುದು ಹಣೆಗಲ್ಲ, ಟೊಪ್ಪಿಗೆಗೆ. ಟೊಪ್ಪಿಗೆಯೇ ಇಲ್ಲದಿದ್ದರೆ ಆ ಕೈಗೆ ಗಮ್ಯವಿಲ್ಲ. ಅವರಿಂದ ಪಡೆದ ಈ ಕಟ್ಟಳೆಯನ್ನು ನಮ್ಮ ಸೇನೆ ಇಂದಿಗೂ ಉಳಿಸಿಕೊಂಡಿದೆ. ಭೂಸೇನೆಯವನ ಅಂಗೈ ಎದುರಿನವನಿಗೆ ಪೂರ್ಣವಾಗಿ ಕಾಣುತ್ತದೆ, ನೌಕಾಸೇನೆಯವನದು ನೆಲವನ್ನು ನೋಡುತ್ತದೆ, ವಾಯುಸೇನೆಯವನದು 2006ರಿಂದ ಇವೆರಡರ ನಡುವೆ 45 ಅಂಶಗಳ ಓರೆಯಲ್ಲಿ ನಿಲ್ಲುತ್ತದೆ. ಮೂವರ ಕೈ ಮೂರು ಬಗೆಯಾದರೂ ಬರಿದಲೆಯವನು ವಂದಿಸಬಾರದೆಂಬ ಪಾಠ ಒಂದೇ. 2002ರ ಭಾರತದ ಧ್ವಜಸಂಹಿತೆಯೂ ಧ್ವಜಾರೋಹಣದ ಹೊತ್ತಿನಲ್ಲಿ ಸಮವಸ್ತ್ರದಲ್ಲಿರುವವರು ಯಥೋಚಿತವಾಗಿ ವಂದಿಸತಕ್ಕದ್ದೆಂದೂ, ನೆರೆದವರೆಲ್ಲರೂ ಧ್ವಜಾಭಿಮುಖವಾಗಿ ಸಾವಧಾನದಲ್ಲಿ ನಿಲ್ಲತಕ್ಕದ್ದೆಂದೂ ಹೇಳುತ್ತದೆ. ಅಮೆರಿಕದವರು ಮಾತ್ರ ಬೇರೆ ದಾರಿ ಹಿಡಿದರು: 2008ರಲ್ಲಿ ಎರಡು ಕಾಯಿದೆಗಳ ಮೂಲಕ, ಧ್ವಜಾರೋಹಣದ ವೇಳೆಯಲ್ಲಿಯೂ ರಾಷ್ಟ್ರಗೀತೆಯ ವೇಳೆಯಲ್ಲಿಯೂ ಸಮವಸ್ತ್ರವಿಲ್ಲದ ಮಾಜಿ ಸೈನಿಕರು ಸೈನಿಕವಂದನೆ ಮಾಡಬಹುದೆಂದು ಬರೆದುಕೊಂಡರು. ಮಾಡಬೇಕೆಂದಲ್ಲ, ಮಾಡಬಹುದೆಂದು. ಆ ಒಂದು ಕ್ರಿಯಾಪದದಲ್ಲಿ ಎಷ್ಟು ವಿವೇಕವಿದೆಯೆಂಬುದು ನನಗೆ ಆಮೇಲೆ ಹೊಳೆಯಿತು.

ಇಷ್ಟರಲ್ಲಿ ವಿಷಯ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ನಾಲೆಯ ಏರಿಯ ಮೇಲೆ ಜಾಲಿಮರದ ನೆರಳಿನಲ್ಲಿ ಕುಳಿತ ಬಳಿಕ, ನಾಯಕರು ಹೆಗಲ ಮೇಲಿನ ವಸ್ತ್ರದಿಂದ ಮುಖವನ್ನು ಒರಸಿಕೊಂಡು, ನಾನು ಕೇಳದೆಯೇ, "ಒಂದ್ಸಲ ತಪ್ಪೀನಿ" ಎಂದರು.

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದುದನ್ನೂ, ಎಲ್ಲರೂ ಆಸೆ ಬಿಟ್ಟ ಮೇಲೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಸಹಿತ ದೊರೆತುದನ್ನೂ, ನಾಡಿಗೆ ನಾಡೇ ಹರಕೆ ಹೊತ್ತರೂ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದುದನ್ನೂ ಓದುಗರು ಮರೆತಿರಲಾರರು. ಅವರಿಗಾಗ 33 ವರ್ಷ. ಮರುದಿನ ಬೆಟದೂರಿನಲ್ಲಿ ಅಂತ್ಯಸಂಸ್ಕಾರ. ನಾಯಕರು ಮನೆಯವರಿಗೆ ಹರಿಹರದ ಸಂತೆಗೆ ಹೋಗುತ್ತೇನೆಂದು ಹೇಳಿ, ಬಸ್ಸುಗಳನ್ನು ಬದಲಿಸಿ, ಗುರುತಿನವರೊಬ್ಬರೂ ಇಲ್ಲದ ಆ ಊರನ್ನು ಸೇರಿ, ಸಾವಿರಾರು ಜನರ ಹಿಂದೆ, ಏನೂ ಕಾಣದ ಒಂದು ಮೂಲೆಯಲ್ಲಿ ನಿಂತರಂತೆ. ಪಂಚೆ, ಅಂಗಿ, ಹೆಗಲ ಮೇಲೊಂದು ವಸ್ತ್ರ. 'ಶೋಕ ಶಸ್ತ್ರ' ಎಂಬ ಆಜ್ಞೆ ದೂರದಿಂದ ಕೇಳಿತು. ಕಹಳೆ ಎದ್ದಿತು. ಅವರ ಕೈಯೂ ಎದ್ದಿತು.

"ನಾನು ಎತ್ತಲಿಲ್ಲ ಸ್ವಾಮಿ, ಅದು ತಾನೇ ಎದ್ದುಬಿಡ್ತು. ಕಹಳಿ ನಿಂತ ಮ್ಯಾಲೆ ನೋಡ್ತೀನಿ, ಕೈ ಇಲ್ಲೈತಿ" ಎಂದು ಹುಬ್ಬಿನ ತುದಿಯನ್ನು ಮುಟ್ಟಿ ತೋರಿಸಿದರು. ಆಮೇಲೆ ಸ್ವಲ್ಪ ಹೊತ್ತು ನೀರನ್ನು ನೋಡಿ, "ನಾಯಕ್‌ಗ ಬದುಕಿರಾಗ ಯಾರೂ ಸೆಲ್ಯೂಟ್ ಹೊಡಿಯಂಗಿಲ್ಲ. ಸಿಪಾಯಿಗೂ ಇಲ್ಲ, ಹವಾಲ್ದಾರಗೂ ಇಲ್ಲ. ಅದು ಆಫೀಸರಗೆ. ಸತ್ತ ಮ್ಯಾಲೆ ನೋಡ್ರಿ, ಜನರಲ್ ಬಂದು ಹೊಡೀತಾನ" ಎಂದರು.

ಸೇನೆಯಿಂದ ಹೊರಗಿನವರಾದ ನಮಗೆ ತಿಳಿಯದ ಈ ಸಾಮಾನ್ಯ ಸಂಗತಿ ನನ್ನನ್ನು ಮೂಕನನ್ನಾಗಿಸಿತು. ಸೈನಿಕವಂದನೆಯು ಕೆಳಗಿನಿಂದ ಮೇಲಕ್ಕೆ ಹೋಗುವಂಥದು. ಮೇಲಿನವನು ಅದನ್ನು ಸ್ವೀಕರಿಸಿ ಹಿಂದಿರುಗಿಸುತ್ತಾನೆ. ಹದಿನೈದಿಪ್ಪತ್ತು ವರ್ಷ ಪ್ರತಿದಿನವೂ ವಂದಿಸಿ, ತನ್ನ ಸರದಿಯ ವಂದನೆಯನ್ನು ಒಂದು ಸಲವೂ ಮೊದಲಾಗಿ ಪಡೆಯದೆ, ಅದನ್ನು ಬೇಡಬೇಕೆಂಬ ಭಾವನೆಯೂ ಇಲ್ಲದೆ ಊರಿಗೆ ಮರಳುವ ಲಕ್ಷಾಂತರ ಮಂದಿಯಲ್ಲಿ ಒಬ್ಬರು ನನ್ನ ಎದುರಿಗಿದ್ದರು. ಹಿಮದಡಿಯಿಂದ ಬಂದವನು ಅವರಿಗಿಂತ ಒಂದು ಪಟ್ಟಿ ಕಡಿಮೆಯವನು. ಲ್ಯಾನ್ಸ್ ನಾಯಕನಿಗೆ ನಾಯಕನು ವಂದಿಸುವುದು ಬದುಕಿನಲ್ಲಿ ಯಾವ ಕವಾಯತಿನ ಮೈದಾನದಲ್ಲಿಯೂ ನಡೆಯದ ಸಂಗತಿ. ಅಂದು ಅದು ನಡೆಯಿತು. ನೋಡಿದವರಿಲ್ಲ, ಭಾವಚಿತ್ರವಿಲ್ಲ. ಅವರು ಅದನ್ನು ತಪ್ಪೆಂದು ಎಣಿಸಿ, ಎಷ್ಟೋ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು.

ಸಂಜೆ ನನ್ನನ್ನು ಕಳುಹಿಸುವುದಕ್ಕೆ ಅವರೂ ಹರಿಹರದವರೆಗೆ ಬಂದರು. ಬಸ್ಸಿಗೆ ಹೊತ್ತಿದ್ದುದರಿಂದ ಹರಿಹರೇಶ್ವರನ ಗುಡಿಗೆ ಹೋದೆವು. ಬಲಗಡೆ ಹರನೂ ಎಡಗಡೆ ಹರಿಯೂ ಆಗಿ ಒಂದೇ ಶಿಲೆಯಲ್ಲಿ ನಿಂತ ಆ ಮೂರ್ತಿಗೆ ಈ ಆಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವ. ದಂಡನ್ನು ನಡೆಸಿದವನ ಕೈಯಿಂದಲೇ ಎರಡು ಪಂಥಗಳ ಕದನಕ್ಕೆ ವಿರಾಮ ಹೇಳುವ ಗುಡಿಯೊಂದು ಎದ್ದಿತೆಂಬುದು ಮನಸ್ಸಿಗೆ ಹಿತವೆನಿಸುತ್ತದೆ. ಬಾಗಿಲಿನಲ್ಲಿ ನಾಯಕರು ಚಪ್ಪಲಿಯನ್ನು ಕಳಚಿ, ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡರು. ಪಶ್ಚಿಮದವರು ಗೌರವಕ್ಕಾಗಿ ತಲೆಯ ಮೇಲಿನದನ್ನು ತೆಗೆಯುತ್ತಾರೆ, ನಾವು ಕಾಲಿನಲ್ಲಿರುವುದನ್ನು ತೆಗೆಯುತ್ತೇವೆ. ದಿಲ್ಲಿಯ ರಾಜಘಾಟಿನಲ್ಲಿ ಪರದೇಶದ ಅಧಿಪತಿಗಳೂ ಪಾದರಕ್ಷೆಯನ್ನು ಬಿಟ್ಟು ಹೋಗುತ್ತಾರೆ. ಗರ್ಭಗುಡಿಯ ಮುಂದೆ ನಾಯಕರ ಎರಡೂ ಕೈಗಳು ಯಾವ ಸಂಕೋಚವೂ ಇಲ್ಲದೆ ಕೂಡಿದುವು.

ಆಗ ನನಗೆ ಉತ್ತರ ಸಿಕ್ಕಿತೆಂದೇ ಎಣಿಸಿದೆನು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನೋಡಿದ್ದ ವೀರಗಲ್ಲುಗಳು ಕಣ್ಣ ಮುಂದೆ ಬಂದುವು. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಕದನ: ಕುದುರೆ, ಬಿಲ್ಲು, ಉರುಳಿದ ದೇಹಗಳು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿದ್ದಾನೆ, ಆಯುಧವಿಲ್ಲ, ಕವಚವಿಲ್ಲ. ಸಾವಿರ ವರ್ಷಗಳ ಹಿಂದೆಯೇ ನಮ್ಮ ನಾಡಿನ ಶಿಲ್ಪಿಗಳು ಶಸ್ತ್ರ ಕಳಚಿದ ಯೋಧನಿಗೆ ತಕ್ಕ ವಂದನೆ ಯಾವುದೆಂದು ಕಲ್ಲಿನಲ್ಲಿ ಕೆತ್ತಿಟ್ಟಿರುವಾಗ, ಮಫ್ತಿಯಲ್ಲಿರುವ ಮಾಜಿ ಸೈನಿಕನು ಸ್ಮಾರಕದ ಮುಂದೆ ಕೈಮುಗಿದರೆ ನಿಯಮಕ್ಕೂ ಭಂಗವಿಲ್ಲ, ಹೃದಯಕ್ಕೂ ಅತೃಪ್ತಿಯಿಲ್ಲವಲ್ಲ! ತುಂಗಭದ್ರೆಯ ದಡದ ಮೆಟ್ಟಿಲ ಮೇಲೆ ಕುಳಿತು, ಕಾಗದದ ಪೊಟ್ಟಣದಿಂದ ಮಂಡಕ್ಕಿಯನ್ನೂ ಬಿಸಿ ಮಿರ್ಚಿಯನ್ನೂ ತಿನ್ನುತ್ತ, ನಾನು ಇದನ್ನು ತುಸು ಹೆಮ್ಮೆಯಿಂದಲೇ ಅವರಿಗೆ ನಿವೇದಿಸಿದೆನು.

ನಾಯಕರು ಮೆಣಸಿನಕಾಯಿಯ ತೊಟ್ಟನ್ನು ಹೊಳೆಗೆ ಎಸೆದು ತಲೆಯಲ್ಲಾಡಿಸಿದರು. "ಕೈ ಮುಗಿಯೋದು ದೇವರಿಗೆ ಸ್ವಾಮಿ. ಅವ ದೇವರಲ್ಲ. ನಮ್ಮ ಹುಡುಗ."

ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿದ್ದಿತು. ಆಚೆಯ ದಡ ಹಾವೇರಿ ಜಿಲ್ಲೆ. ಬೆಟದೂರಿನ ದಾರಿ ಅಲ್ಲಿಂದಲೇ. ನಾನು ಮತ್ತೆ ಮಾತೆತ್ತಲಿಲ್ಲ. ವೀರಗಲ್ಲಿನ ಮುಂದೆ ಕೈಮುಗಿಯುವವರು ಊರಿನ ಜನ. ಸತ್ತವನನ್ನು ಅವರು ದೇವರ ಸಾಲಿಗೆ ಏರಿಸಿಬಿಟ್ಟಿದ್ದಾರೆ. ಒಡನಾಡಿಗೆ ಆ ಏರಿಕೆ ಸಮ್ಮತವಲ್ಲ. ಅವನು ಸತ್ತವನನ್ನು ತನ್ನ ಸಾಲಿನಲ್ಲಿಯೇ, ಎಡತುದಿಯಲ್ಲಿಯೋ ಬಲತುದಿಯಲ್ಲಿಯೋ, ನಿಲ್ಲಿಸಿಕೊಂಡಿರಲು ಬಯಸುತ್ತಾನೆ. ದೇವರಿಗೆ ಮಾಡದ, ಮನೆಯ ಹಿರಿಯರಿಗೂ ಮಾಡದ, ತಾವು ತಾವೇ ಬಲ್ಲ ಒಂದು ಸಂಜ್ಞೆ ಅವರ ನಡುವೆ ಉಂಟು. ಅದನ್ನು ಡಿಪೋದಲ್ಲಿ ಒಪ್ಪಿಸಿ ಬಂದೆವೆಂದು ಅವರು ಹೇಳುತ್ತಾರೆ. ನಿಷ್ಠೆಯಿಂದ ಹಾಗೆಯೇ ನಡೆದುಕೊಳ್ಳುತ್ತಾರೆ. ಎಲ್ಲೋ ಒಂದು ಕಹಳೆಗೆ ಅದು ಒಪ್ಪಿಸಲ್ಪಡದೆ ಉಳಿದಿತ್ತೆಂದು ತಿಳಿಯುತ್ತದೆ.

ಆದ್ದರಿಂದ, ಮಫ್ತಿಯಲ್ಲಿರುವ ಮಾಜಿ ಸೈನಿಕರು ಸ್ಮಾರಕಗಳ ಮುಂದೆ ಸೆಲ್ಯೂಟ್ ಮಾಡಬೇಕೆ ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ನಿರ್ಣಯವನ್ನು ಹೇಳಿಬಿಡುತ್ತೇನೆ. ನಿಯಮವು ಸರಿಯಾದುದು. ಸಾವಧಾನದಲ್ಲಿ ನಿಂತ ದೇಹಕ್ಕಿಂತ ಹೆಚ್ಚಿನ ವಂದನೆ ಬೇಕಾಗಿಲ್ಲ. ಪಂಚೆಯಲ್ಲಿ ಹೊಲಿಗೆಯನ್ನು ಹುಡುಕಿದ ಆ ಹೆಬ್ಬೆರಳನ್ನು ನೋಡಿದವರು ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಒಡನಾಡಿಯ ಗುರುತಿನ ಮುಂದೆ ಬರಿದಲೆಯವನೊಬ್ಬನ ಕೈ ತಾನಾಗಿಯೇ ಎದ್ದರೆ, ಅದು ತಪ್ಪೆನ್ನುವ ಅಧಿಕಾರ ಅವನ ಉಸ್ತಾದನಿಗೆ ಇರಬಹುದು. ಒಂದು ದಿನವೂ ವರ್ದಿ ತೊಡದ ನಮಗಿಲ್ಲ. ಎದ್ದ ಕೈಯನ್ನು ತಿದ್ದುವ ಅಧಿಕಾರ ನಮಗಿಲ್ಲವೆಂದ ಮೇಲೆ, ಇಳಿದಿರುವ ಕೈಯನ್ನು ಎತ್ತಿಸುವ ಅಧಿಕಾರವಂತೂ ಇರಲೇ ಆರದು. ನಾವು ದಿನವೂ ಮಾಡುತ್ತಿರುವುದು ಇದನ್ನೇ. ಸನ್ಮಾನದ ವೇದಿಕೆಗಳಲ್ಲಿ, ಮದುವೆಯ ಮಂಟಪಗಳಲ್ಲಿ, ಶಾಲೆಯ ಹಬ್ಬಗಳಲ್ಲಿ ಶಾಲು ಹೊದಿಸಿ, 'ಒಂದು ಸೆಲ್ಯೂಟ್ ಹೊಡೆಯಿರಿ' ಎಂದು ಕೇಳುತ್ತೇವೆ. ಅವರು ನಮ್ಮ ಮನಸ್ಸು ನೋಯಿಸಬಾರದೆಂದು ಎಷ್ಟೋ ಸಲ ಹೊಡೆದೂಬಿಡುತ್ತಾರೆ.

ಬರುವ ಜುಲೈ 26ರಂದು ಕಾರ್ಗಿಲ್ ವಿಜಯದಿನವನ್ನೂ ಆಗಸ್ಟ್ 15ರಂದು ಸ್ವಾತಂತ್ರ್ಯದ ಹಬ್ಬವನ್ನೂ ನಿಮ್ಮ ಊರಿನಲ್ಲಿ ನಡೆಸುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಊರಿನ ಹಳೆಯ ಸೈನಿಕರನ್ನು ತಪ್ಪದೆ ಕರೆಯಿರಿ. ನೆರಳಿನಲ್ಲಿ ಕುರ್ಚಿ ಹಾಕಿಸಿ. ಮಡಿದವರ ಹೆಸರುಗಳನ್ನು ಅವರವರ ಹುದ್ದೆಯೊಡನೆ, ಸಿಪಾಯಿಯಾದರೆ ಸಿಪಾಯಿಯೆಂದೇ, ತಪ್ಪಿಲ್ಲದೆ ಓದಿ ಹೇಳಿ. ಫೋಟೋಗಾಗಿ ಅವರ ಕೈಯನ್ನು ಎತ್ತಿಸಬೇಡಿ.